ಕಾಲು ಕಡಿಮೆ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ತಮ್ಮಾ,

‘ಹೂ ಬಿಡದ ಬಳ್ಳಿಗೆ ಯಾರು ನೀರೆರೆ...’ ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಾ ಗುನುಗುತ್ತಿದ್ದ ಈ ಸಾಲು ನಿನಗೆ ಪೂರ್ತಿ ನೆನಪಿದೆಯೇ? ಕೊನೆಯ ಅಕ್ಷರಗಳನ್ನು ಯಂತ್ರದ ಸದ್ದು ನುಂಗಿಬಿಡುತ್ತಿತ್ತು. ‘ಯಾರು ನೀರೆರೆದರು’ ಎಂದೋ, ‘ಯಾರೂ ನೀರೆರೆಯರು’ ಎಂದೋ? ಒಂದು ದೀರ್ಘ ಬಿದ್ದರೆ ಅರ್ಥವೇ ತಲೆಕೆಳಗು. ಮೊದಲನೆಯದಾದರೆ ಯಾರೋ ನೀರು ಹಾಕಿದ್ದಾರೆ, ಅವರನ್ನು ಹುಡುಕಬೇಕು. ಎರಡನೆಯದಾದರೆ ಬಳ್ಳಿ ಒಣಗಿತೆಂದೇ ಲೆಕ್ಕ. ಈ ವಾರವೆಲ್ಲ ಇದೇ ತಲೆಯಲ್ಲಿ ಗುಂಯ್‌ಗುಡುತ್ತಿದೆ. ಕಾರಣ ನೀನೇ.

ನಿನ್ನ ಬೆನ್ನು ನೋವು ಹೇಗಿದೆ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಕೆಲಸ ಮಾಡುವವನಿಗೆ ಬೆನ್ನು ಬೇರೆಯವರದು ಎಂಬಷ್ಟು ಅಸಡ್ಡೆ. ಮುಲಾಮು ಹಚ್ಚಿಕೋ, ಬರೀ ಹಚ್ಚಿದೆ ಎಂದು ಬರೆಯಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ಕೆಳಮನೆಯ ಡ್ರೈವರ್ ಅಂಕಲ್ ಎಂದಿನಂತೆ ನಿನ್ನನ್ನು ಕೇಳುತ್ತಿರುತ್ತಾರೆ. ಅಮ್ಮನನ್ನು ಕಾಲಿನ ಗಾಯದ ಡ್ರೆಸ್ಸಿಂಗ್‌ಗೆ ತಮ್ಮ ಹಳೇ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ಮನುಷ್ಯನಿಗೆ ಈಗ ತನ್ನದೇ ಕಾಲಿನ ಹೆಬ್ಬೆರಳ ಪಕ್ಕ ಅಂಥದ್ದೇ ಗಾಯ. ಸಕ್ಕರೆ ಕಾಯಿಲೆಯ ಗಾಯ, ಮಾಗುವುದನ್ನೇ ಮರೆತಿದೆ. ಆಸ್ಪತ್ರೆಯ ಡಾಕ್ಟರು ಹೊಸ ಮುಲಾಮಿನ ಪರೀಕ್ಷೆಗೆ ಸೇರುತ್ತೀರಾ ಎಂದು ಕೇಳಿದರೆ, “ನನ್ನ ಮೇಲೆ ಪ್ರಯೋಗ ಮಾಡಕ್ಕೆ ನಾನೇನ್ ಇಲೀನಾ?” ಎಂದು ರೇಗಿ ಎದ್ದು ಬಂದರಂತೆ.

ಆ ಮುಲಾಮು ಯಾರದು ಗೊತ್ತಲ್ಲ? ನಿನ್ನ ಗುಂಡುಸೂಜಿಯದೇ. ಕಾಲೇಜಿನಲ್ಲಿ ನೀನಿಟ್ಟ ಹೆಸರನ್ನು ಅವಳು ಇನ್ನೂ ಮರೆತಿಲ್ಲ. “ಸಣ್ಣಗಿದ್ದೆ ಅಂತ ಇಟ್ಟಿದ್ದಲ್ಲ ಅಕ್ಕಾ, ಚುಚ್ಚ್‌ತೀನಿ ಅಂತ ಇಟ್ಟಿದ್ದು” ಎಂದು ನಕ್ಕಳು. ಅಮ್ಮನ ಮನೆ ಮಾರಿದ್ದರಲ್ಲಿ ನಿನ್ನ ಪಾಲನ್ನು ಪೂರ್ತಿ ಅವಳ ಕಂಪನಿಗೆ ಹಾಕುತ್ತೇನೆ, ಯಂತ್ರ ತುಳಿಯುತ್ತಿದ್ದ ಪಾದವನ್ನೇ ಅಂಥ ಗಾಯಕ್ಕೆ ಕಳೆದುಕೊಂಡ ಅಮ್ಮನಿಗೆ ಅದೇ ಸರಿಯಾದ ನೆನಪು ಎಂದು ನೀನು ಬರೆದಿದ್ದೆ. ಜೊತೆಗೆ, ಬ್ಯಾಂಕಿನಲ್ಲಿ ದಿನಾ ಇದೇ ಕೆಲಸ ಮಾಡುವವಳು, ಒಮ್ಮೆ ನೋಡಿ ಬಾ ಎಂದೂ. ನಿಜ ಹೇಳಲೇ? ಬೇಡ ಎನ್ನುವುದಕ್ಕೇ ತಯಾರಾಗಿ ಹೋದೆ. ಇಬ್ಬರು ಮಕ್ಕಳ ಓದು, ಮುಂದಿನ ಹಡಗು ಸಿಗುತ್ತದೋ ಇಲ್ಲವೋ ಎಂಬ ಅನುಮಾನ. ಇಷ್ಟನ್ನು ಕಟ್ಟಿಕೊಂಡವನು ನೀನು.

ನಾನು ಸಾಲ ಕೇಳಿ ಬರುವ ಬೇಕರಿ, ಪ್ರಿಂಟಿಂಗ್ ಪ್ರೆಸ್ಸುಗಳ ಲೆಕ್ಕ ನೋಡುವವಳು. ಅಲ್ಲಿ ಮೊದಲು ಗಲ್ಲಾಪೆಟ್ಟಿಗೆಗೇ ಕಿವಿ ಕೊಡುತ್ತೇನೆ. ಇಲ್ಲಿ ಗಲ್ಲಾಪೆಟ್ಟಿಗೆಯೇ ಇಲ್ಲ. ಮಾರಾಟ ಸೊನ್ನೆ, ಲಾಭ ಎಂಬ ಕಡೆ ಬರೀ ನಷ್ಟ. ಬೇಕರಿಯಾಗಿದ್ದರೆ ಬಾಗಿಲಲ್ಲೇ ಕೈ ಮುಗಿದು ವಾಪಸ್ ಬರುತ್ತಿದ್ದೆ. ಇಂಥ ಕಂಪನಿಯಲ್ಲಿ ಕೇಳಬೇಕಾದದ್ದೇ ಬೇರೆ. ಕೈಯಲ್ಲಿರುವ ದುಡ್ಡೆಷ್ಟು, ತಿಂಗಳಿಗೆ ಕರಗುವುದೆಷ್ಟು, ಪರೀಕ್ಷೆಯ ಫಲಿತಾಂಶ ಬರುವ ತನಕ ಅದು ಉಳಿಯುತ್ತದೆಯೇ? ದುಡ್ಡು ಬಾಳುವ ಆ ಅವಧಿಯನ್ನು ಅವರು ‘ಉಸಿರು’ ಎನ್ನುತ್ತಾರೆ. ನಾನು ಒಳಗೆ ಹೋದಾಗ ಲೆಕ್ಕದ ಹುಡುಗಿ ಫೋನಿನಲ್ಲಿ ಯಾರಿಗೋ, “ಉಸಿರು ಹದಿನಾಲ್ಕು ತಿಂಗಳಿದೆ ಸಾರ್” ಎನ್ನುತ್ತಿದ್ದಳು. ಒಂದು ಕ್ಷಣ ನನ್ನದೇ ಉಸಿರು ಹಿಡಿದ ಹಾಗಾಯಿತು.

ಗುಂಡುಸೂಜಿಯ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಬಿಳಿ ಹಲಗೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಲೆಕ್ಕ ಪರಿಶೋಧಕರ ವರದಿಯಲ್ಲಿ ತನಗೆ ಅತಿ ಕಹಿಯಾದ ಪುಟವನ್ನೇ ತೆರೆದಿಟ್ಟಳು. ಹೊಸ ಹಣ ಬಾರದಿದ್ದರೆ ಕಂಪನಿ ಮುಂದುವರಿಯುವುದು ಅನುಮಾನ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. “ಇದನ್ನ ಓದಿ ಅಕ್ಕಾ. ಆಮೇಲೆ ಕಾಫಿ ಕುಡಿಯೋಣ, ಕುಡಿಯೋ ಮನಸ್ಸಿದ್ರೆ.” ಸಾಲ ಕೇಳುವವರು ಆ ಪುಟವನ್ನು ಕೊನೆಗೆ ಪಿನ್ ಹಾಕಿ ತರುವುದನ್ನು ಇಷ್ಟು ವರ್ಷ ನೋಡಿದ್ದೇನೆ. ಸಂಶೋಧನೆಗೆಂದು ಬಂದ ಅನುದಾನವನ್ನು ಯಾರೋ ಹಣ ಹಾಕುವವರಿಗೆ ಕೊಡುವ ಕೈಪಿಡಿಯಲ್ಲಿ ‘ಆದಾಯ’ ಎಂದು ಅಚ್ಚು ಹಾಕಿಸಿದ್ದರಂತೆ. ಅಷ್ಟೂ ಪ್ರತಿಗಳಲ್ಲಿ ಅವಳೇ ಕೂತು ಆ ಪದವನ್ನು ಪೆನ್ನಿನಿಂದ ಹೊಡೆದಿದ್ದಳು. “ಕೊಟ್ಟಿದ್ದು ಬೇರೆ, ದುಡಿದಿದ್ದು ಬೇರೆ ಅಲ್ವಾ?” ದೊಡ್ಡ ಔಷಧ ಕಂಪನಿಯೊಂದು ಹಣ ಕೊಡುವುದಾಗಿ ಸಹಿ ಹಾಕಿದೆ. ಆದರೆ ಫಲಿತಾಂಶ ಒಳ್ಳೆಯದಾದರೆ ಮಾತ್ರ. ಅದನ್ನೂ ಅವಳು ಉಸಿರಿನ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಆಮೇಲೆ ಒಂದು ಖಾಲಿ ಕೋಣೆ ತೋರಿಸಿದಳು. ನೆಲದ ಮೇಲೆ ಯಂತ್ರಗಳಿದ್ದ ಜಾಗ ಮಾತ್ರ ತಿಳಿ ಬಣ್ಣದ ಚೌಕಗಳಾಗಿ ಉಳಿದಿತ್ತು. ಅವಳ ಎರಡನೇ ಔಷಧ, ಸುಟ್ಟ ಗಾಯಕ್ಕೆಂದು ಮಾಡುತ್ತಿದ್ದದ್ದು, ಅಲ್ಲಿ ಬೆಳೆಯುತ್ತಿತ್ತು. ಹಣ ಹಾಕಿದವರೆಲ್ಲ ಚಪ್ಪಾಳೆ ತಟ್ಟಿದ್ದು ಅದಕ್ಕೇ. ಎರಡನ್ನೂ ಸಾಕುವ ಶಕ್ತಿಯಿಲ್ಲ ಎಂದು ಗೊತ್ತಾದ ದಿನ ಯಂತ್ರಗಳನ್ನು ಮಾರಿಬಿಟ್ಟಳಂತೆ. ಅವಳು ಆ ಚೌಕಗಳನ್ನು ತುಳಿಯದೆ ಬಳಸಿಕೊಂಡು ನಡೆದಳು. ಸಾಲುಗಳನ್ನು ಹೊಡೆದುಹಾಕಬಲ್ಲವನೇ ಕವಿ ಎಂದು ನಾನು ವಾದಿಸುತ್ತಿದ್ದಾಗ ನೀನು ಆಕಳಿಸುತ್ತಿದ್ದೆಯಲ್ಲ, ಆ ಮಾತಿನ ಪೂರ್ತಿ ಅರ್ಥ ನನಗೂ ತಿಳಿದದ್ದು ಆ ಕೋಣೆಯಲ್ಲೇ.

ಈಗ ನನ್ನ ಪೆದ್ದುತನ ಕೇಳು. “ಫಲಿತಾಂಶ ಬರೋ ಹೊತ್ತಿಗೆ ಉಸಿರು ಸಾಕಾಗುತ್ತಾ? ಏನು ಕಡಿಮೆ ಬೀಳುತ್ತೆ?” ಎಂದು ಕೇಳಿದೆ. “ಕಾಲು ಕಡಿಮೆ ಬಿದ್ದಿದೆ ಅಕ್ಕಾ” ಎಂದಳು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದಳು. ನಾನು ಗಂಭೀರವಾಗಿ ‘ಕೊರತೆ ಕಾಲು ಭಾಗ’ ಎಂದು ಬರೆದುಕೊಂಡು, ಅವಳ ಖರ್ಚಿನ ನಾಲ್ಕನೇ ಒಂದು ಪಾಲು ಎಷ್ಟಾಗುತ್ತದೆ, ಅದನ್ನು ಯಾರು ತುಂಬಬೇಕು ಎಂದು ಗುಣಾಕಾರ, ಭಾಗಾಕಾರ ಮಾಡುತ್ತಾ ಕೂತೆ. ಅವಳು ಬಂದು ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆ ಕಾಲಲ್ಲ ಅಕ್ಕಾ, ಈ ಕಾಲು!” ಎಂದು ಚಪ್ಪಲಿಯ ಸಮೇತ ತನ್ನ ಪಾದ ಎತ್ತಿ ತೋರಿಸಿದಳು. ಪರೀಕ್ಷೆಗೆ ಬೇಕಾದಷ್ಟು ಗಾಯದ ಕಾಲುಗಳು ಸಿಕ್ಕಿಲ್ಲ. ಜನ ಹೆದರುತ್ತಾರೆ. ಹೋಲಿಸಿ ನೋಡಲು ಅರ್ಧ ಮಂದಿಗೆ ಔಷಧವಿಲ್ಲದ ಬರೀ ಮುಲಾಮು ಹಚ್ಚುತ್ತಾರೆ ಎಂದು ತಿಳಿದರಂತೂ ಎದ್ದೇ ಹೋಗುತ್ತಾರೆ. ಅಂದುಕೊಂಡಂತೆ ಜನ ಬಂದಿದ್ದರೆ ಹನ್ನೊಂದು ತಿಂಗಳಲ್ಲಿ ಫಲಿತಾಂಶ. ಈಗಿನ ವೇಗದಲ್ಲಿ ಹದಿನೇಳು. ಉಸಿರು ಹದಿನಾಲ್ಕೇ. ಬಿಳಿ ಹಲಗೆಯ ಮೇಲೆ ಅವಳು ಬರೆದಿಟ್ಟಿದ್ದದ್ದು ಹದಿನೇಳನ್ನು. “ಬೋರ್ಡಲ್ಲಿ ಸುಳ್ಳು ಬರ್ಕೊಂಡ್ರೆ ಬೆಳಿಗ್ಗೆ ಯಾರಿಗೆ ಮುಖ ತೋರಿಸ್ಲಿ?”

ಹೊರಡುವಾಗ ಅವಳೇ ಹೇಳಿದಳು: “ನಿಮ್ಮ ತಮ್ಮನಿಗೆ ಹೇಳಿ, ಅಮ್ಮನ ದುಡ್ಡು ಪೂರ್ತಿ ಹಾಕೋದು ಬೇಡ. ನಿದ್ದೆ ಕೆಡದಷ್ಟು ಹಾಕಿದ್ರೆ ಸಾಕು.” ನನ್ನ ತೀರ್ಮಾನವೂ ಅದೇ. ಅವಳು ಒಳ್ಳೆಯವಳು. ಆದರೆ ಗಾಯ ಮಾಗುತ್ತದೋ ಇಲ್ಲವೋ ಎನ್ನುವುದನ್ನು ಅವಳ ಒಳ್ಳೆಯತನ ಹೇಳಲಾರದು. ನಿನ್ನ ಪಾಲಿನಲ್ಲಿ ಕಾಲು ಭಾಗ ಹಾಕು (ಈ ಸಲ ಆ ಕಾಲೇ, ನಗಬೇಡ). ಹೋಯಿತು ಎಂದುಕೊಂಡೇ ಹಾಕು. ನನ್ನ ಪಾಲಿನಿಂದಲೂ ಅಷ್ಟೇ ಹಾಕುತ್ತೇನೆ. ಉಳಿದದ್ದು ಮಕ್ಕಳದು, ಅದನ್ನು ಮುಟ್ಟಬೇಡ. ಡ್ರೈವರ್ ಅಂಕಲ್ ಹತ್ತಿರ ಮಾತ್ರ ನಾನು ಪರೀಕ್ಷೆಗೆ ಸೇರುವ ವಿಷಯ ಎತ್ತಿಲ್ಲ. ನಮ್ಮ ದುಡ್ಡು ಅಲ್ಲಿಗೆ ಹೋಗುವಾಗ ಅವರ ಕಾಲಿನ ಬಗ್ಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಊಟ ಆಯಿತಾ ಎಂದಷ್ಟೇ ಕೇಳಿ ಬಂದೆ.

ಮಕ್ಕಳಿಗೆ ನನ್ನ ಮುದ್ದು. ಸಮುದ್ರ ನಿನ್ನ ಮಾತು ಕೇಳಲಿ, ನೀನು ನಿನ್ನ ಬೆನ್ನಿನ ಮಾತು ಕೇಳು.

ನಿನ್ನ
ಅಕ್ಕ

ತಾ.ಕ.: ಲಕೋಟೆಗೆ ಅಂಟು ಹಚ್ಚುವಾಗ ಬಾಗಿಲು ಬಡಿದ ಸದ್ದು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಸಾಲು ‘ಯಾರು’ ಎಂದೇ ಇರಬೇಕು ಕಣೋ, ದೀರ್ಘ ಬೇಡ. ಬಂದವರು ಡ್ರೈವರ್ ಅಂಕಲ್. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹೊಸ ಬ್ಯಾಂಡೇಜು. ಡಾಕ್ಟರ ಹತ್ತಿರ ತಾವಾಗಿಯೇ ಹೋಗಿ ಹೆಸರು ಕೊಟ್ಟು ಬಂದಿದ್ದಾರೆ. ಬರೀ ಮುಲಾಮೇ ಬಂದರೆ ಏನು ಮಾಡುತ್ತೀರಿ ಅಂಕಲ್ ಎಂದೆ. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು: “ಬಂದ್ರೆ ಬರಲಿ ಬಿಡಮ್ಮಾ. ನಿಮ್ಮಮ್ಮನ್ನ ಅಷ್ಟು ಸಲ ಕರ್ಕೊಂಡು ಹೋದೆ, ಒಂದ್ ಸಲನೂ ಅವರ ಕಾಲಿಗೆ ಏನೂ ಮಾಡಕ್ಕಾಗ್ಲಿಲ್ಲ. ಈಗ ಇವರಿಗೆ ಕಾಲು ಕಡಿಮೆ ಬಿದ್ದಿದಾವಂತೆ. ನಂದೊಂದು ಸುಮ್ನೆ ಕೂತಿತ್ತಲ್ಲ, ಕೊಟ್ಟು ಬಂದೆ.”