ಚೊಚ್ಚಲಿಗೆ ತವರಿನ ನೀರು

ನೆರೆ ಸಂತ್ರಸ್ತರ ಶೆಡ್ಡು, ಕಂಪ್ಲಿ
೯-೨-೨೦೨೫

ನನ್ನ ಮುದ್ದು ಪೂಜಿತಾ,

ಸಿಟ್ಟಿನಲ್ಲಿ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಒಮ್ಮೆ ಓದು. ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತೇನೆ ಎಂದವಳಿಗೆ "ಬ್ಯಾಡವ್ವ, ಸಂಡೂರಾಗ ಇರು" ಎಂದುಬಿಟ್ಟೆ. ನೀನು ಅತ್ತಿದ್ದನ್ನು ಅಳಿಯಂದಿರು ಹೇಳಿದರು. ನಾನೂ ಅತ್ತಿದ್ದೇನೆ.

ಹೊಳೆ ಬಂದು ಮನೆ ಬಿದ್ದ ಮೇಲೆ ಈ ತಗಡಿನ ಶೆಡ್ಡಿಗೆ ಬಂದೆವಲ್ಲ, ಇಲ್ಲಿನ ನೀರು ಸರಿಯಿರಲಿಲ್ಲ. ದೀಪಾವಳಿ ಹೊತ್ತಿಗೆ ಪಕ್ಕದ ಶೆಡ್ಡಿನ ಯಲ್ಲಕ್ಕನ ಮೊಮ್ಮಗುವಿಗೆ ವಾಂತಿಭೇದಿಯಾಗಿ ಹೊಸಪೇಟೆಯಲ್ಲಿ ನಾಲ್ಕು ದಿನ ಡ್ರಿಪ್ ಹಾಕಿಸಬೇಕಾಯಿತು. ಮಗು ಉಳಿಯಿತು. ಆದರೆ ಬಸುರಿ ಮಗಳನ್ನು ಇಲ್ಲಿಗೆ ಕರೆತರಲು ನನಗೆ ಧೈರ್ಯ ಬರಲಿಲ್ಲ.

ನಿನ್ನವ್ವ ಸುಮ್ಮನೆ ಕೂರುವವಳಲ್ಲ, ಗೊತ್ತಲ್ಲ. ಯಲ್ಲಕ್ಕ, ಎದುರು ಶೆಡ್ಡಿನ ಜಂಬಕ್ಕ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆವು. ನಳದ ಪಕ್ಕದ ಚರಂಡಿಯನ್ನು ದೂರಕ್ಕೆ ತಿರುಗಿಸಿ, ಬಚ್ಚಲು ನೀರಿಗೆ ಇಂಗುಗುಂಡಿ ತೋಡಿದೆವು. ಗಂಡಸರು ನಗುತ್ತಿದ್ದರು, ಕೈಗೆ ಹಾರೆ ಕೊಟ್ಟ ಮೇಲೆ ನಗು ನಿಂತಿತು. ಕುಡಿಯುವ ನೀರಿಗೆ ಕೈ ಅದ್ದಬೇಡಿ, ಉದ್ದ ಹಿಡಿಕೆಯ ಸೌಟಿನಲ್ಲೇ ತೆಗೆಯಿರಿ ಎಂದು ಮನೆ ಮನೆಗೂ ಹೇಳಿ ಬಂದವಳು ನಾನೇ.

ಹೋದ ತಿಂಗಳು ಆಶಾ ಕಾರ್ಯಕರ್ತೆ ಸಣ್ಣ ಬಾಟಲಿಗಳನ್ನು ತಂದಳು. ಅದರಲ್ಲಿ ನೀರು ತುಂಬಿಟ್ಟರೆ, ಕೆಟ್ಟ ನೀರು ಎರಡು ದಿನದೊಳಗೆ ಕಪ್ಪಾಗುತ್ತದೆ. ಮೂವತ್ತು ಮನೆಗಳಲ್ಲಿ ಒಂದೇ ಬಾಟಲಿ ಕಪ್ಪಾಯಿತು. ನಮ್ಮದು, ಪೂಜಿ! ಊರಿಗೆಲ್ಲ ಬುದ್ಧಿ ಹೇಳಿದವಳದು!

ನೆರೆಯಲ್ಲಿ ನನಗೆ ಉಳಿದದ್ದು ನನ್ನ ಬಾಣಂತನದಲ್ಲಿ ಅವ್ವ ಕೊಟ್ಟ ಹಿತ್ತಾಳೆ ಚೊಂಬೊಂದೇ. ನಿನ್ನ ಬಾಣಂತನಕ್ಕೆಂದು ಜೋಪಾನ ಮಾಡಿದ್ದೆ. ಚರಂಡಿ ದಂಡೆಯ ಮಣ್ಣಿನಲ್ಲಿ ಫಳಫಳ ತಿಕ್ಕಿ, ಅದನ್ನೇ ಕೊಡಕ್ಕೆ ಅದ್ದಿ ಬಂದವರಿಗೆಲ್ಲ ನೀರು ಕೊಡುತ್ತಿದ್ದೆ. ಹೊಳಪು ನೋಡಿ ಶುದ್ಧವೆಂದೇ ತಿಳಿದಿದ್ದೆ.

ಈಗ ಚೊಂಬು ದೇವರ ಪಟದ ಮುಂದೆ ಕೂತಿದೆ, ನೀರು ತೆಗೆಯಲು ನಮ್ಮಲ್ಲೂ ಸೌಟೇ. ಮೊನ್ನೆ ಮತ್ತೆ ಬಾಟಲಿ ಇಟ್ಟರು. ಎರಡು ದಿನ ಅದನ್ನೇ ನೋಡುತ್ತಾ ಕೂತೆ. ಕಪ್ಪಾಗಲಿಲ್ಲ. ಬಾ ಮಗಳೇ, ಇನ್ನು ಬೇಡ ಅನ್ನುವುದಿಲ್ಲ.

ನಿನ್ನ ದಾರಿ ನೋಡುತ್ತಿರುವ
ಅವ್ವ, ಕೊಟ್ರಮ್ಮ

ತಾ.ಕ.: ಒಂದು ಮಾತು ಮುಚ್ಚಿಟ್ಟೆ. ಕಾಯಿಲೆ ಬೀಳುವ ಹಿಂದಿನ ದಿನ ಯಲ್ಲಕ್ಕನ ಮೊಮ್ಮಗು ನಮ್ಮ ಶೆಡ್ಡಿನಲ್ಲೇ ಆಡಿಕೊಂಡಿತ್ತು. ಆ ಚೊಂಬಿನ ನೀರು ಕುಡಿಸಿದವಳು ನಾನು. ನಿನ್ನೆ ಹೋಗಿ ಅವಳಿಗೆ ಹೇಳಿಬಿಟ್ಟೆ. "ನಿನ್ನ ಬಾಟ್ಲಿ ಕಪ್ಪಾದಾಗ್ಲೇ ನನಗ ತಿಳೀತು ಕೊಟ್ರವ್ವ. ನೀನ ಬಂದು ಹೇಳ್ಲಿ ಅಂತ ಸುಮ್ನಿದ್ದೆ" ಎಂದಳು. ನಾನು ಎದ್ದಾಗ, ಪೂಜಿಯನ್ನು ಕರೆತರಲು ಯಾವತ್ತು ಹೋಗೋಣ ಎಂದು ಅವಳೇ ಕೇಳಿದಳು. ಶಿವರಾತ್ರಿ ಮುಗಿಸಿಕೊಂಡು ಇಬ್ಬರೂ ಬರುತ್ತೇವೆ.