ಸಣ್ಣ ಸದ್ದಿನ ಗುಂಡು

27-9-98, ಭಾನುವಾರ

ನಮ್ಮೂರು ಬಾಣಾವರದಲ್ಲಿ ಪ್ಯಾಸೆಂಜರ್ ರೈಲು ಲೇಟು. ಅರಸೀಕೆರೆ ಸ್ಟೇಷನ್ನಿಂದ ಶೂಟಿಂಗ್ ರೇಂಜಿನ ತನಕ ಓಡಿದೆ. ಕೋಚ್ ವಿಜಯಸಾರಥಿ ಸರ್ ವಾಚ್ ನೋಡಿದರು, ಬೈಯಲಿಲ್ಲ. ಸ್ಟೇಟ್ ಮ್ಯಾಚಿಗೆ ನಮ್ಮ ರೈಫಲ್ ಕ್ಲಬ್ಬಿಂದ ಹುಡುಗಿಯರಿಗೆ ಒಂದೇ ಸೀಟು. ನಾನೋ, ಶಶಿಯೋ. ಇಬ್ಬರೂ ಸೆಕೆಂಡ್ ಬಿ.ಎ., ಒಂದೇ ಬೆಂಚು. ಅವಳು ಹಳೇಬೀಡಿನವಳು, ಅರಸೀಕೆರೆಯಲ್ಲೇ ರೂಮ್ ಮಾಡಿಕೊಂಡಿದ್ದಾಳೆ.

ಇವತ್ತು ನನ್ನ ಗುಂಡೆಲ್ಲ ಒಂದು ರೂಪಾಯಿ ಬಿಲ್ಲೆ ಮುಚ್ಚುವಷ್ಟು ಜಾಗದಲ್ಲೇ ಬಿದ್ದವು. ಶಶಿ ಮುಖ ಊದಿಸಿಕೊಂಡಳು. ಚುರುಮುರಿ ಕೊಡಿಸಿ ಸರಿಮಾಡಿದೆ.

ಹುಡುಗರಿಗೆ ಗುಂಡಿನ ಹೊಸ ಬಾಕ್ಸ್, ನಮಗೆ ಹಳೇ ಪಾಯಿಂಟ್ ಟೂ-ಟೂ ಗುಂಡು. "ಸ್ಪೀಡ್ ಕಮ್ಮಿ, ಹೆಣ್ಮಕ್ಕಳಿಗೆ ಸೇಫ್ ಕಣಮ್ಮ" — ಸರ್. ಕಮ್ಮಿ ಅಂದರೂ ಸೆಕೆಂಡಿಗೆ ಸಾವಿರ ಅಡಿ. ಎದುರಿನ ಮಣ್ಣಿನ ದಿಬ್ಬ ಇಲ್ಲದಿದ್ದರೆ ಮೈಲಿಯಾಚೆ ದನ ಕಾಯುವವರಿಗೂ ತಾಗುತ್ತೆ. ಈ ಪಾಠ ಮಾಡಿದ್ದೂ ಅವರೇ!

30-9-98, ಆಯುಧಪೂಜೆ

ಕ್ಲಬ್ಬಲ್ಲಿ ಪೂಜೆ. ರೈಫಲ್‌ಗಳಿಗೆ ಗಂಧ, ಕುಂಕುಮ, ಸೇವಂತಿಗೆ. ಸರ್ ಬೇಲೂರಿನ ಅರ್ಚಕರ ಮನೆಯವರು, ಮಂತ್ರಕ್ಕೆ ಬೇರೆಯವರು ಬೇಡ. ಗುಂಡನ್ನೂ ತಟ್ಟೆಗೆ ಸುರಿದು ಇಟ್ಟರು — ನಮ್ಮ ಹಳೇ ಬಾಕ್ಸಿನದು. ಹುಡುಗರ ಬಾಕ್ಸಿನ ಸೀಲ್ ಒಡೆಯಲಿಲ್ಲ. ಮೇಲೆ ಅರಿಶಿನದ ನೀರು, ಉದ್ಧರಣೆ ಉದ್ಧರಣೆ.

"ಸರ್, ಒದ್ದೆ ಆಗುತ್ತೆ" ಅಂದೆ.

"ತೀರ್ಥಕ್ಕೂ ಅಡ್ಡ ಮಾತಾಡ್ತೀಯೇನಮ್ಮ?"

ಎಲ್ಲ ನಕ್ಕರು. ಶಶಿ ಸ್ವಲ್ಪ ಜಾಸ್ತಿಯೇ ನಕ್ಕಳು. ವಿಜಯದಶಮಿ ಮುಗಿಯೋ ತನಕ ಪೂಜೆಗಿಟ್ಟದ್ದನ್ನು ಮುಟ್ಟುವ ಹಾಗಿಲ್ಲ. ನೀರಲ್ಲೇ ಬಿದ್ದಿರುತ್ತೆ.

3-10-98

ನಾಳೆ ಸೆಲೆಕ್ಷನ್. ಗುಂಡು ಒರೆಸಿ ಬಾಕ್ಸಿಗೆ ತುಂಬಿದ್ದಾರೆ. ಅಂಚಿಗೆ ಅರಿಶಿನ ಇನ್ನೂ ಅಂಟಿದೆ. ಅವ್ವ ಮಾತ್ರ "ದೇವ್ರವ್ನೆ ಮಗ, ಗೆದ್ಕೊಂಡ್ ಬಾ" ಅಂತಾಳೆ.

12-11-98

ಅಕ್ಷರ ಗೆರೆ ಮೇಲೆ ನಿಲ್ಲುತ್ತಿಲ್ಲ. ಕಟ್ಟು ಬಿಚ್ಚಿದರು. ಬಲಗಣ್ಣು ಇದೆ, ನೋಟ ಇಲ್ಲ. ಬರಲ್ವಂತೆ.

ಆದರೂ ಬರೆದಿಡಬೇಕು. ಅವತ್ತು ಸೆಲೆಕ್ಷನ್‌ನಲ್ಲಿ ಮೂರನೇ ಗುಂಡು ಟಪ್ ಅನ್ನಲಿಲ್ಲ, ಪುಸ್ ಅಂತು. ಹೆಗಲಿಗೆ ಒದೆಯೇ ಇಲ್ಲ. ಟಾರ್ಗೆಟ್‌ನಲ್ಲಿ ತೂತೂ ಇಲ್ಲ. ಕೈ ಎತ್ತಿದೆ.

"ಸರ್, ಸದ್ದು ಸಣ್ಣ ಬಂತು. ಗುಂಡು ಒಳಗೇ ಇದೆ ಅನ್ಸುತ್ತೆ. ಬ್ಯಾರಲ್ ನೋಡಬೇಕು."

"ಗುರಿ ತಪ್ಪಿದ್ದಕ್ಕೆ ನೆಪ ಬೇಡ ಭಾನು. ಟೈಮ್ ಓಡ್ತಿದೆ, ಹೊಡಿ."

ಶಶಿ ಪಕ್ಕದ ಚಾಪೆ ಮೇಲಿದ್ದಳು. ನನ್ನ ಕಡೆ ತಿರುಗಿಯೂ ನೋಡಿದಳು. ಸೀಟು ಕೈತಪ್ಪುತ್ತೆ ಅಂತ ಹೊಡೆದೆ... ಮದ್ದು ಒದ್ದೆಯಾಗಿ ನಿಧಾನವಾದ ಗುಂಡು ಬ್ಯಾರಲ್‌ನಲ್ಲೇ ಸಿಕ್ಕಿಕೊಂಡಿತ್ತು. ಹಿಂದೆಯೇ ಹೋದದ್ದು ಅದಕ್ಕೆ ಗುದ್ದಿತು. ಹೊಗೆ, ಹಿತ್ತಾಳೆ ಚೂರು, ಎಲ್ಲ ವಾಪಸ್ ನನ್ನ ಕಣ್ಣಿಗೆ. ಸೇಫ್ ಅಂತೆ, ಸೇಫ್!

20-11-98

ಹುಡುಗಿ ಏನೂ ಹೇಳಲೇ ಇಲ್ಲ, ಅವಸರಕ್ಕೆ ಬಿದ್ದಳು — ಸರ್ ಊರೆಲ್ಲ ಹೀಗೇ ಹೇಳಿಕೊಂಡು ಓಡಾಡುತ್ತಿದ್ದಾರಂತೆ. ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ ಕೇಳಿದ, "ನೀನ್ ಹೇಳಿದ್ದು ದಿಟ ತಾನೇ ಮಗ?"

ಅಪ್ಪನೂ! ಕಣ್ಣು ಹೋದದ್ದಕ್ಕಿಂತ ಇದು ಉರಿಯುತ್ತೆ.

29-11-98

ಶಶಿ ಬಂದಿದ್ದಳು. ಸ್ಟೇಟ್ ಮ್ಯಾಚಿನ ಟ್ರ್ಯಾಕ್ ಸೂಟಲ್ಲೇ.

"ನಾನ್ ಟಾರ್ಗೆಟ್ ನೋಡ್ತಿದ್ದೆ ಕಣೇ. ನಿಜವಾಗ್ಲೂ ಕೇಳಿಸ್ಲಿಲ್ಲ."

"ತಿರುಗಿ ನೋಡಿದ್ಯಲ್ಲೇ ನನ್ನ."

ಅರ್ಧ ಕಾಫಿ ಬಿಟ್ಟು ಎದ್ದು ಹೋದಳು. ಹಾಳಾಗಿ ಹೋಗಲಿ.

7-12-98, ಸಂಜೆ

ಕ್ಲಬ್ ಹಾಲಲ್ಲಿ ಎನ್‌ಕ್ವಯರಿ. ಹಾಸನದಿಂದ ಬಂದ ಆಫೀಸರ್ ರೇವಣಸಿದ್ದಪ್ಪ. ಒಳ್ಳೆಯವರ ಹಾಗೆ ಕಂಡರು. ಬೋಲ್ಟ್ ತೆಗೆದ ಬೇರೊಂದು ರೈಫಲ್ ಕೈಗೆ ಕೊಟ್ಟರು. "ಬ್ಯಾರಲ್‌ನಲ್ಲಿ ಏನಾದರೂ ಸಿಕ್ಕಿಕೊಂಡಿದ್ಯಾ ಅಂತ ನೋಡೋಕೆ ಬರುತ್ತೇನಮ್ಮ ನಿನಗೆ?"

ಬರದೇ ಏನು? ಹಿಂದಿನಿಂದ ಕಣ್ಣಿಟ್ಟು ಕಿಟಕಿ ಬೆಳಕಿಗೆ ಹಿಡಿದೆ. ಪೂರ್ತಿ ಕತ್ತಲು.

"ಮುಚ್ಕೊಂಡಿದೆ ಸರ್."

ವಿಜಯಸಾರಥಿ ಸರ್ ನಕ್ಕರು. "ನೋಡಿದ್ರಾ ಸರ್? ಖಾಲಿ ಬ್ಯಾರಲ್. ಅದೂ ಗೊತ್ತಾಗಲ್ಲ ಇವಳಿಗೆ."

ಆಗ ತಿಳಿಯಿತು. ಅಭ್ಯಾಸಬಲ. ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ್ದೆ.

ಕಣ್ಣು ಬದಲಾಯಿಸಿದೆ. ತುದಿಯಲ್ಲಿ ದುಂಡಗೆ ಬೆಳಕು. "ಖಾಲಿ ಇದೆ ಸರ್" ಅಂದೆ. ಅಪ್ಪ ಟವಲಿಂದ ಮುಖ ಮುಚ್ಚಿಕೊಂಡ.

ಹಿಂದೆ ಕುರ್ಚಿ ಸರಿಯಿತು. ಶಶಿ.

"ಸರ್... ಅವತ್ತು ಭಾನು ಹೇಳಿದ್ಲು. ಗುಂಡು ಒಳಗೇ ಇದೆ ಅಂತ. ನಂಗೆ ಕೇಳಿಸ್ತು."

ಈಗ ಕೇಳಿಸ್ತಂತೆ. ಸ್ಟೇಟ್ ಮ್ಯಾಚಿಗೆ ಹೋಗಿ ಬಂದಾದ ಮೇಲೆ! ಎಲ್ಲ ಎದ್ದಾಗ ಅಳುತ್ತಾ ತಬ್ಬಿಕೊಳ್ಳೋಕೆ ಬಂದಳಂತೆ. ನಾನು ಮುಖ ತಿರುಗಿಸಿದೆ ಅಂದುಕೊಂಡು ನಿಂತೇಬಿಟ್ಟಳಂತೆ. ಅಪ್ಪ ಹೇಳಿದ. ತಿರುಗಿಸಿರಲಿಲ್ಲ. ಅವಳು ಬಲಗಡೆಯಿಂದ ಬಂದಿದ್ದಳು. ನನಗೆ ಕಾಣಿಸಲೇ ಇಲ್ಲ.