ಎಣ್ಣೆ ಹಾಕದ ಬಂದೂಕು

ಅಕ್ಟೋಬರ್ 6, 1958. ಸೋಮವಾರ

ಬೆಳಗ್ಗೆಯೇ ಬಂದೂಕು ತೊಳೆದೆ. ನಮ್ಮ ಯಜಮಾನರು ಕಡ್ಲೆಕಾಯಿ ಹೊಲದಲ್ಲಿ ಹಂದಿಗೆ ಹೊಡೆದು ಬಂದು, ಬಂದೂಕನ್ನು ಜಗುಲಿಯ ಮೇಲೆ ಎಸೆದು ಮಲಗಿಬಿಟ್ಟರು. ನಳಿಗೆಯೊಳಕ್ಕೆ ಕುದಿಯುವ ನೀರು ಹುಯ್ದೆ. ಕರೀ ಮಸಿ ಇಳಿಯಿತು — ಕೊಳೆತ ಮೊಟ್ಟೆಯ ವಾಸನೆ. ಸಲಾಕೆಗೆ ಬಟ್ಟೆ ಸುತ್ತಿ ಉಜ್ಜಿ, ಒಲೆ ಮುಂದೆ ಒಣಗಿಸಿ, ಹರಳೆಣ್ಣೆ ಸವರಿದೆ. ಮಾವ ಇದ್ದಾಗ ಇದು ಅತ್ತೆಯ ಕೆಲಸ. ನನಗೆ ಕಲಿಸಿದ್ದೂ ಅವರೇ. "ಮದ್ದಿನ ಮಸೀಲಿ ಉಪ್ಪೈತೆ ಕಣಮ್ಮಾ. ಒಂದ್ ತೊಟ್ಟು ನೀರುಳಿದ್ರೂ ತುಕ್ಕು."

ಇವರು ಎದ್ದ ಮೇಲೆ, ಬಾವಿಗೆ ಹೋಗಿಬರಲಾ ಅಂತ ಕೇಳಿದೆ. ಬೇಡ ಅಂದರು.

ಅ. 9

ಬೂದಿಕೋಟೆಗೆ ಹಾಲು ಹಾಕುವ ಕದಿರಪ್ಪ ಸುದ್ದಿ ತಂದ. ಗಣಿಯೂರು ಕೋರಮಂಡಲ್‌ನ ತವರಿನಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಭಾನುವಾರ ಅಣ್ಣ ಆಂಜಿನಪ್ಪ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾನಂತೆ.

ಇವರು ಉಣ್ಣುತ್ತಲೇ ಹೇಳಿದರು: "ಆಂಜಿನಪ್ಪ ನನ್ ಒಸ್ಲು ತುಳೀಲಿ, ಸುಟ್ಟಾಕ್ತೀನಿ. ಓದ್ ಸಲ ಓದೋಳು ಪಂಚಾಯ್ತಿ ಸೇರಿಸ್ದಾಗ್ಲೇ ವಾಪಸ್ ಬಂದಿದ್ದು."

ಹೋದ ಸಲ ಯಾಕೆ ಹೋದೆ ಅಂತ ಪಂಚಾಯ್ತಿಯಲ್ಲಿ ಯಾರೂ ಕೇಳಲಿಲ್ಲ. ಬಾಸುಂಡೆ ಎದ್ದ ಬೆನ್ನು ತೋರಿಸುವುದು ಹೇಗೆ, ಅಷ್ಟು ಗಂಡಸರ ಮುಂದೆ...

ಅ. 10

ಮತ್ತೆ ಹಂದಿ, ಮತ್ತೆ ಬಂದೂಕು. ಈ ಸಲ ತಣ್ಣೀರಲ್ಲಿ ತೊಳೆದೆ. ಒರೆಸಲಿಲ್ಲ. ಎಣ್ಣೆ ಹಾಕಲಿಲ್ಲ. ಕೇಪು ಕೂರಿಸುವ ಕಡೆಯ ಸಣ್ಣ ತೂತಿಗೆ ಒದ್ದೆ ಮಸಿ ತುರುಕಿದೆ. ಕೇಪು ಸಿಡಿದ ಕಿಡಿ ಒಳಗಿನ ಮದ್ದಿಗೆ ತಾಗುವುದು ಆ ತೂತಿನಿಂದಲೇ.

ಗೂಟಕ್ಕೆ ತೂಗುಹಾಕಿದೆ. ಹೊಲದಲ್ಲಿ ಹಂದಿ ಇವರ ಮೇಲೇ ಬಿದ್ದರೆ?

ಅ. 11

ಅತ್ತೆ ನಳಿಗೆಯೊಳಗೆ ಕಿರುಬೆರಳಿಟ್ಟರು. ಕೆಂಪಗೆ ಬಂತು. ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಇವರು ಜಗುಲಿಯಿಂದ: "ಎಣ್ಣೆ ಆಕವ್ಳಾ?"

ಅತ್ತೆ ಬೆರಳನ್ನು ತಮ್ಮ ಸೆರಗಿಗೆ ಒರೆಸಿಕೊಂಡರು. "ಆಕವ್ಳೆ ಕಣ್ಲಾ."

ಆಮೇಲೆ ರಾಗಿ ಬೀಸುತ್ತಾ ಕೂತರು.

ಅ. 13. ಬಂಗಾರಪೇಟೆ ಸ್ಟೇಷನ್

ನಿನ್ನೆ ಅಣ್ಣ ಬಂದ. ಹೊಸಿಲಾಚೆಯೇ ನಿಂತು, "ಅಮ್ಮ ಕೇಳ್ತಾವಳೆ, ಕಳಿಸಿಕೊಡು ಭಾವ" ಅಂದ. ಇವರು ಬಂದೂಕಿಗೆ ಮದ್ದು ತುಂಬಿ, ಕೇಪು ಕೂರಿಸಿ, ಅವನ ಎದೆಗೇ ಗುರಿ ಹಿಡಿದರು. ಕುದುರೆ ಎಳೆದರು. ಕೇಪು ಮಾತ್ರ ಟಪ್ ಅಂತು. ಇನ್ನೊಂದು ಕೇಪು. ಮತ್ತೆ ಟಪ್.

ಅತ್ತೆ ನಡುವೆ ಬಂದು ನಳಿಗೆ ಹಿಡಿದು ತಮ್ಮ ಎದೆಗೆ ಒತ್ತಿಕೊಂಡರು. "ಮೊದ್ಲು ನನ್ನ ಸುಡು ಕಣ್ಲಾ ಕೋದಂಡ."

ಇವರು ಬಂದೂಕು ನನ್ನ ಕಾಲ ಬಳಿ ಎಸೆದರು. "ನಾಳೆ ನಾ ಏಳೋದ್ರಾಗೆ ಕ್ಲೀನಾಗಿರ್ಬೇಕು. ತೂತು ಯಾಕ್ ಕಟ್ಕಂಡೈತೆ ಅಂತ ನೋಡ್ತೀನಿ." ನಾನು ಬಂದರೆ ಬರಲಿ ಅಂತ ಅಣ್ಣ ಬೂದಿಕೋಟೆಗೆ ಹೋಗಿ ರಾತ್ರಿಯೆಲ್ಲಾ ಕಾದ.

ಇವತ್ತು ನಸುಕಿಗೇ ಒಲೆ ಮೇಲೆ ನೀರಿಟ್ಟೆ. ಅತ್ತೆ ಬಂದು ಚೊಂಬು ಕಿತ್ತುಕೊಂಡರು.

"ನಾನ್ ತೊಳೀತೀನಿ. ನೀನು ಮೊದ್ಲನೇ ಬಸ್ಸಿಗೆ ಓಗು."

"ನಿಮ್ಮನ್ನ ಕೇಳಿದ್ರೆ?"

"ತೂತು ನಾನೇ ಕಟ್ಟಿದ್ದು ಅಂತೀನಿ. ಇವ್ನಪ್ಪನ ಕಾಲ್ದಾಗೇ ಮಾಡ್ಬೇಕಿತ್ತು... ಧೈರ್ಯ ಸಾಲ್ಲಿಲ್ಲ. ಓಗವ್ವ."

ಅಣ್ಣ ಟಿಕೆಟ್ ತರಲು ಹೋಗಿದ್ದಾನೆ. ಬಿಸಿಲೇರಿದೆ. ಇಷ್ಟು ಹೊತ್ತಿಗೆ ಇವರು ಎದ್ದಿರುತ್ತಾರೆ. ಅತ್ತೆ —